1.4 ಟರ್ಬೊ ಪೆಟ್ರೋಲ್‌ಗೆ ಇಂಟರ್‌ಕೂಲರ್ ಪೈಪ್: 2 ಇಂಚು ಸಾಕಾ, ಎರಡೂವರೆ ಬೇಕಾ?

ಹಿಂಡಲಗಾ ಹುಡುಗ, ಬೆಳಗಾವಿ:

ಎಲ್ಲರಿಗೂ ನಮಸ್ಕಾರ. ನನ್ನದು 1.4 ಲೀಟರ್ ಟರ್ಬೊ ಪೆಟ್ರೋಲ್ ಸೆಡಾನ್. ಹನ್ನೊಂದು ವರ್ಷ ಹಳೆಯದು, 1,12,000 ಕಿ.ಮೀ. ಓಡಿದೆ. ಅಪ್ಪ ತೆಗೆದುಕೊಂಡ ಮೊದಲ ಕಾರು. ಅವರಿದ್ದಾಗ ವಾರಕ್ಕೊಮ್ಮೆ ತಾವೇ ತೊಳೆಯುತ್ತಿದ್ದರು. ಹಾಗಾಗಿ ಮಾರುವ ಮಾತೇ ಇಲ್ಲ, ಸರಿ ಮಾಡಿಸಿಯೇ ಇಟ್ಟುಕೊಳ್ಳಬೇಕು.

ಎರಡು ತಿಂಗಳಿಂದ ಪಿಕಪ್ ಬಿದ್ದಿದೆ. ಊರೊಳಗೆ ಅಷ್ಟು ಗೊತ್ತಾಗುವುದಿಲ್ಲ. ಕಳೆದ ವಾರ ಗೋವಾದಿಂದ ವಾಪಸ್ ಬರುವಾಗ ಚೋರ್ಲಾ ಘಾಟ್‌ನ ಏರಿನಲ್ಲಿ ಮೂರನೇ ಗೇರಿನಲ್ಲಿ ಎಳೆಯಲೇ ಇಲ್ಲ. ಎಕ್ಸಿಲರೇಟರ್ ಒತ್ತಿದರೆ ಬಾನೆಟ್ ಕೆಳಗಿಂದ ‘ಸುಸ್’ ಅಂತ ಗಾಳಿ ಹೋಗುವ ಸದ್ದು. ಎಂಜಿನ್ ಲೈಟೂ ಬಂತು. ಸ್ಕ್ಯಾನರ್ ಹಾಕಿಸಿದರೆ ಪಿ0299 ತೋರಿಸಿತು, ಅಂದರೆ ಬೂಸ್ಟ್ (ಟರ್ಬೊ ಎಂಜಿನ್ನಿಗೆ ಒತ್ತಿ ಕಳಿಸುವ ಗಾಳಿಯ ಪ್ರೆಶರ್) ಕಡಿಮೆ.

ಒಂದು ಗ್ಯಾರೇಜಿನಲ್ಲಿ ಟರ್ಬೊ ಹೋಗಿದೆ, ಬದಲಿಸಿ ಎಂದರು. ಇನ್ನೊಂದು ಕಡೆ, ಟರ್ಬೊದಿಂದ ಇಂಟರ್‌ಕೂಲರ್‌ಗೆ (ಟರ್ಬೊದ ಬಿಸಿ ಗಾಳಿ ತಂಪು ಮಾಡುವ ಜಾಲರಿ), ಅಲ್ಲಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಹೋಸ್ ಎಲ್ಲಾ ಕಿತ್ತು ಹಾಕಿ ಅಲ್ಯೂಮಿನಿಯಂ ಪೈಪ್ ಕೂರಿಸಿ ಎಂದರು. ಆನ್‌ಲೈನ್‌ನಲ್ಲಿ ಎರಡೂವರೆ ಇಂಚಿನ ಯೂನಿವರ್ಸಲ್ ಕಿಟ್ ನೋಡಿದೆ. ಎಂಟು ತುಂಡು ಪೈಪ್, ನೀಲಿ ಸಿಲಿಕೋನ್ ಜಾಯಿಂಟ್, ಕ್ಲಾಂಪ್ ಎಲ್ಲಾ ಒಂದೇ ಡಬ್ಬಿಯಲ್ಲಿ. ಈಗಿರುವ ಪೈಪ್ ಹೊರಗಿನಿಂದ ಅಳೆದರೆ ಸುಮಾರು 2 ಇಂಚು ಇದೆ. ದಪ್ಪ ಪೈಪ್ ಹಾಕಿದರೆ ಪಿಕಪ್ ಜಾಸ್ತಿ ಆಗುತ್ತದೆಯೇ? ಅಲ್ಯೂಮಿನಿಯಂ ಒಳ್ಳೆಯದಾ, ಸ್ಟೇನ್‌ಲೆಸ್ ಒಳ್ಳೆಯದಾ?

ಬಾಗಲಕೋಟೆ ಬೂಸ್ಟ್:

ನಾನು ಹೋದ ವರ್ಷ ಎರಡೂವರೆ ಇಂಚು ಹಾಕಿಸಿದ್ದೇನೆ. ಗಾಡಿಯೇ ಬೇರೆ ಆಯಿತು. ಕಣ್ಣು ಮುಚ್ಚಿ ಹಾಕಿಸಿ. ಅಲ್ಯೂಮಿನಿಯಂ ತೊಗೊಳ್ಳಿ, ಹಗುರ ಇರುತ್ತದೆ, ನೋಡಲೂ ಚೆಂದ.

ಉದ್ಯಮಬಾಗ ಲೇತ್:

ಅಣ್ಣಾ, ಆ ಕಿಟ್ ಈಗಲೇ ಆರ್ಡರ್ ಮಾಡಬೇಡಿ. ಟರ್ಬೊ ಕೂಡ ಬಿಚ್ಚಿಸಬೇಡಿ. ಗಾಳಿ ಎಲ್ಲಿ ಹೋಗುತ್ತಿದೆ ಅಂತ ಕಣ್ಣಾರೆ ನೋಡಿ, ಆಮೇಲೆ ಪೈಪಿನ ಮಾತು.

ನಾನು ಉದ್ಯಮಬಾಗದಲ್ಲಿ ಹದಿನಾಲ್ಕು ವರ್ಷದಿಂದ ಲೇತ್ ಮತ್ತು ಅರ್ಗಾನ್ ವೆಲ್ಡಿಂಗ್ ಮಾಡುತ್ತೇನೆ. ಹೊಟ್ಟೆಪಾಡು ಹೈಡ್ರಾಲಿಕ್ ಪಾರ್ಟ್ಸ್‌ನಿಂದ. ಕಾರಿನ ಪೈಪ್ ಪ್ರೀತಿಯಿಂದ ಮಾಡುವ ಕೆಲಸ. ನನ್ನ ಹತ್ತಿರ ಪೈಪ್ ಮಾಡಿಸಲು ಬಂದವರಲ್ಲಿ ಹಲವರಿಗೆ ಬೇಕಾಗಿದ್ದದ್ದು ಒಂದು ಕ್ಲಾಂಪ್ ಮಾತ್ರ.

ಪರೀಕ್ಷೆ ಹೀಗೆ ಮಾಡಿ. ಏರ್ ಫಿಲ್ಟರ್‌ನಿಂದ ಟರ್ಬೊಗೆ ಬರುವ ಹೋಸ್ ಬಿಚ್ಚಿ. ನಲ್ಲಿ ಪೈಪಿನ ಅಂಗಡಿಯಲ್ಲಿ ಪಿವಿಸಿ ಎಂಡ್ ಕ್ಯಾಪ್ ಸಿಗುತ್ತದೆ, ಟರ್ಬೊ ಬಾಯಿಯ ಅಳತೆಗೆ ಒಂದು ತನ್ನಿ. ನಡುವೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ. ಹೋಸಿನ ಸಣ್ಣ ತುಂಡಿನಿಂದ ಕ್ಯಾಪನ್ನು ಟರ್ಬೊ ಬಾಯಿಗೆ ಜೋಡಿಸಿ ಎರಡೂ ಕಡೆ ಬಿಗಿ ಮಾಡಿ. ಎಂಜಿನ್ನಿನ ಬ್ರೀದರ್ ಹೋಸ್ (ಎಂಜಿನ್ ಒಳಗಿನ ಆಯಿಲ್ ಆವಿ ಹೊರಗೆ ತರುವ ಪೈಪ್) ಟರ್ಬೊಗಿಂತ ಮುಂಚೆ ಬಂದು ಸೇರುತ್ತದೆ. ಅದನ್ನು ಬಿಚ್ಚಿ ಟರ್ಬೊ ಕಡೆಯ ಬಾಯಿ ಮುಚ್ಚಿ. ಇದನ್ನು ಮರೆತರೆ ಗಾಳಿ ಕ್ರ್ಯಾಂಕ್‌ಕೇಸ್‌ಗೆ ನುಗ್ಗಿ ಆಯಿಲ್ ಸೀಲ್ ಹಾಳು ಮಾಡುತ್ತದೆ.

ಆಮೇಲೆ ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ಗಾಳಿ ಬಿಡಿ. ಮೊದಲು 5 ಪಿಎಸ್ಐ, ಆಮೇಲೆ ನಿಧಾನಕ್ಕೆ 12ರ ತನಕ. ಅದಕ್ಕಿಂತ ಮೇಲೆ ಹೋಗುವ ಅಗತ್ಯ ಇಲ್ಲ. ಕ್ಯಾಪ್ ಎದುರಿಗೆ ಮುಖ ತರಬೇಡಿ, ಹಾರಿ ಬಂದರೆ ಪೆಟ್ಟಾಗುತ್ತದೆ. ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಾಕುತ್ತಾ ಹೋಗಿ. ಲೀಕ್ ಇದ್ದಲ್ಲಿ ನೊರೆ ಉಬ್ಬುತ್ತದೆ. ಸ್ವಲ್ಪ ಗಾಳಿ ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ದಾಟಿ ಎಂಜಿನ್ ಒಳಗೆ ಹೋಗಿಯೇ ಹೋಗುತ್ತದೆ. ಪ್ರೆಶರ್ ನಿಧಾನಕ್ಕೆ ಇಳಿದರೆ ಗಾಬರಿ ಬೇಡ.

ಜೋಳದ ನಾಡು, ವಿಜಯಪುರ:

ಲೇತ್ ಅಣ್ಣ ಹೇಳಿದ್ದು ಸರಿ. ನನ್ನದು ಸೆಕೆಯ ವಿಚಾರ. ನಿಮ್ಮ ಬೆಳಗಾವಿ ತಂಪು ಊರು, ನಮ್ಮಲ್ಲಿ ಏಪ್ರಿಲ್–ಮೇನಲ್ಲಿ 42 ಡಿಗ್ರಿ ಅಂದರೆ ಮಾಮೂಲಿ ದಿನ.

1 ಬಾರ್ ಬೂಸ್ಟ್, ಕಂಪ್ರೆಸರ್ ದಕ್ಷತೆ ನೂರಕ್ಕೆ 70 ಅಂತ ಇಟ್ಟುಕೊಂಡರೆ, ಹೊರಗೆ 25 ಡಿಗ್ರಿ ಇದ್ದಾಗ ಟರ್ಬೊದಿಂದ ಬರುವ ಗಾಳಿ ಸುಮಾರು 118 ಡಿಗ್ರಿ. ಹೊರಗೆ 42 ಇದ್ದಾಗ ಸುಮಾರು 140. ಇಂಟರ್‌ಕೂಲರ್ ಕೂಡ ನೂರಕ್ಕೆ 70ರಷ್ಟು ಕೆಲಸ ಮಾಡಿದರೆ ಅದರಿಂದ ಹೊರಬರುವ ಗಾಳಿ ನಿಮ್ಮಲ್ಲಿ 53, ನಮ್ಮಲ್ಲಿ 72 ಡಿಗ್ರಿ. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ, ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಉರಿದು ಬರುವ ಬಡಿತ) ಬರದಿರಲಿ ಅಂತ ಇಸಿಯು (ಎಂಜಿನ್ನಿನ ಕಂಪ್ಯೂಟರ್) ತಾನೇ ಪವರ್ ತಗ್ಗಿಸುತ್ತದೆ. ಅದಕ್ಕೇ ನಾನು ಪೈಪಿಗಿಂತ ಮೊದಲು ಇಂಟರ್‌ಕೂಲರ್ ರೆಕ್ಕೆಗಳನ್ನು ನೋಡುತ್ತೇನೆ. ಸೋಲಾಪುರ ರೋಡಿನ ಧೂಳು, ಕಬ್ಬಿನ ಟ್ರ್ಯಾಕ್ಟರ್‌ನಿಂದ ಹಾರಿದ ರವದಿ, ಸತ್ತ ಹುಳ ಎಲ್ಲಾ ಸೇರಿ ಒಂದು ಪದರ ಕಟ್ಟಿರುತ್ತದೆ. ಬಂಪರ್ ಬಿಚ್ಚಿ ಒಳಗಿನಿಂದ ಹೊರಕ್ಕೆ ಮೆತ್ತಗೆ ನೀರು ಬಿಟ್ಟು ತೊಳೆಯಿರಿ. ಸರ್ವಿಸಿಂಗ್‌ನ ಜೋರು ನೀರಿನ ಗನ್ ಬೇಡ, ರೆಕ್ಕೆ ಮಡಚಿಕೊಳ್ಳುತ್ತವೆ.

ಹಿಂಡಲಗಾ ಹುಡುಗ:

ಇಬ್ಬರಿಗೂ ಧನ್ಯವಾದ. ಭಾನುವಾರ ಪರೀಕ್ಷೆ ಮಾಡುತ್ತೇನೆ. ಆದರೂ ದಪ್ಪದ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಅಗಲ ಇದ್ದರೆ ಗಾಳಿ ಸಲೀಸಾಗಿ ಹೋಗಬೇಕು ಅಲ್ವಾ?

ಲೆಕ್ಕದ ಮೇಷ್ಟ್ರು, ಬೆಳಗಾವಿ:

ಲೆಕ್ಕ ಹಾಕಿಯೇ ನೋಡೋಣ. ನಿಮ್ಮದು ನಾಲ್ಕು ಸ್ಟ್ರೋಕಿನ 1.4 ಲೀಟರ್ ಎಂಜಿನ್. ಎರಡು ಸುತ್ತಿಗೆ ಒಮ್ಮೆ 1.4 ಲೀಟರ್ ಗಾಳಿ ಎಳೆಯುತ್ತದೆ. 5500 ಆರ್‌ಪಿಎಂನಲ್ಲಿ ನಿಮಿಷಕ್ಕೆ 3850 ಲೀಟರ್, ಸೆಕೆಂಡಿಗೆ 64 ಲೀಟರ್. ಬೂಸ್ಟ್ ಇದ್ದಾಗ ಇದೇ 64 ಲೀಟರಿನಲ್ಲಿ ಗಾಳಿ ದಟ್ಟವಾಗಿರುತ್ತದೆ, ಅಷ್ಟೇ.

ನಿಮ್ಮ ಪೈಪಿನ ಒಳ ಅಳತೆ 47 ಎಂಎಂ ಅನ್ನೋಣ. ಬಾಯಿಯ ವಿಸ್ತೀರ್ಣ 17.3 ಚದರ ಸೆಂ.ಮೀ. ಅದರಲ್ಲಿ ಗಾಳಿಯ ವೇಗ ಸೆಕೆಂಡಿಗೆ 37 ಮೀಟರ್. ಎರಡೂವರೆ ಇಂಚಿನದಕ್ಕೆ ಒಳಗೆ 60 ಎಂಎಂ, ವೇಗ 23 ಮೀಟರ್. ಆ ಬಿಸಿಗೆ ಶಬ್ದದ ವೇಗ ಸುಮಾರು 360 ಮೀಟರ್. ಟರ್ಬೊ ಪೈಪಿನ ಲೆಕ್ಕದಲ್ಲಿ ಶಬ್ದದ ವೇಗದ ಹತ್ತರಲ್ಲಿ ನಾಲ್ಕು ಭಾಗ ಮೀರಬಾರದು ಅನ್ನುವುದು ರೂಢಿ. ನೀವು ಹತ್ತರಲ್ಲಿ ಒಂದು ಭಾಗದಲ್ಲಿದ್ದೀರಿ. ಅಂದರೆ 2 ಇಂಚು ನಿಮ್ಮ ಎಂಜಿನ್ನಿಗೆ ಇಕ್ಕಟ್ಟೇ ಅಲ್ಲ. ಅಗಲ ಮಾಡಿದರೆ ಉಳಿಯುವ ಪ್ರೆಶರ್ ಬಹಳ ಸ್ವಲ್ಪ, ಸೀಟಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ.

ದಪ್ಪ ಪೈಪ್ ಹಾಕಿದರೆ ಟರ್ಬೊ ಲ್ಯಾಗ್ (ಎಕ್ಸಿಲರೇಟರ್ ಒತ್ತಿದ ಮೇಲೆ ಬೂಸ್ಟ್ ಬರಲು ಆಗುವ ತಡ) ವಿಪರೀತ ಆಗುತ್ತದೆ ಅನ್ನುವವರೂ ಇದ್ದಾರೆ. ಅದನ್ನೂ ನೋಡಿ. ಎರಡೂ ಕಡೆಯ ಪೈಪ್ ಸೇರಿ ಒಂದೂವರೆ ಮೀಟರ್ ಉದ್ದ ಅಂದರೆ ಜಾಗ 1.6 ಲೀಟರ್ ಹೆಚ್ಚಾಗುತ್ತದೆ. ಅದಕ್ಕೆ 1 ಬಾರ್ ಬೂಸ್ಟ್ ತುಂಬಲು ಇನ್ನೊಂದು 1.6 ಲೀಟರ್ ಹೊರಗಿನ ಗಾಳಿ ಬೇಕು. 2000 ಆರ್‌ಪಿಎಂನಲ್ಲೇ ಎಂಜಿನ್ ಸೆಕೆಂಡಿಗೆ 23 ಲೀಟರ್ ಎಳೆಯುತ್ತಿರುತ್ತದೆ. ತಡ ಆಗುವುದು ಸೆಕೆಂಡಿನ ನೂರರಲ್ಲಿ ಏಳು ಭಾಗ. ರೆಪ್ಪೆ ಬಡಿಯುವಷ್ಟೂ ಹೊತ್ತಲ್ಲ.

ಹಾಗಾದರೆ ಲಾಭವೂ ಇಲ್ಲ, ನಷ್ಟವೂ ಇಲ್ಲವಾ? ನಷ್ಟ ಜಾಯಿಂಟಿನಲ್ಲಿದೆ. ನಿಮ್ಮ ಟರ್ಬೊ ಬಾಯಿ, ಇಂಟರ್‌ಕೂಲರಿನ ಎರಡು ಬಾಯಿ, ಥ್ರಾಟಲ್ ಬಾಯಿ ಎಲ್ಲಾ 2 ಇಂಚಿನ ಆಸುಪಾಸಿನವು. ನಡುವೆ ಎರಡೂವರೆ ಹಾಕಿದರೆ ನಾಲ್ಕು ಕಡೆ ರಿಡ್ಯೂಸರ್ (ದಪ್ಪ, ಸಣ್ಣ ಬಾಯಿ ಸೇರಿಸುವ ಜಾಯಿಂಟ್) ಬೇಕು. ಗಾಳಿ ಹಿಗ್ಗಿ ಕುಗ್ಗಿ ಹೋಗಬೇಕು. ಇನ್ನೊಂದು ಮಾತು: 1 ಬಾರ್ ಅಂದರೆ ಪ್ರತಿ ಚದರ ಸೆಂ.ಮೀ.ಗೆ ಹೆಚ್ಚೂಕಡಿಮೆ 1 ಕೆ.ಜಿ. ಹೊರ ಅಳತೆ 2 ಇಂಚಿನ ಪೈಪಿನ ತುದಿಯನ್ನು ಗಾಳಿ 20 ಕೆ.ಜಿ. ಬಲದಿಂದ ತಳ್ಳುತ್ತದೆ. ಎರಡೂವರೆ ಇಂಚಿನದನ್ನು 32 ಕೆ.ಜಿ. ಬಲದಿಂದ. ನೀವು ಎಕ್ಸಿಲರೇಟರ್ ಒತ್ತಿದಾಗೆಲ್ಲ ಇಷ್ಟು ಭಾರ ಆ ಕ್ಲಾಂಪ್ ಮೇಲೆ ಬೀಳುತ್ತದೆ.

ಉದ್ಯಮಬಾಗ ಲೇತ್:

ಮೇಷ್ಟ್ರೇ, ಈ 32 ಕೆ.ಜಿ. ಲೆಕ್ಕ ನನಗೆ ಬಹಳ ಉಪಯೋಗ ಆಯಿತು. ಗಿರಾಕಿಗಳಿಗೆ ಪೈಪಿನ ತುದಿಗೆ ಬೀಡ್ (ಉಬ್ಬು) ಯಾಕೆ ಬೇಕು ಅಂತ ಹೇಳಲು ಇಷ್ಟು ದಿನ ಒದ್ದಾಡುತ್ತಿದ್ದೆ.

ಬಾಗಲಕೋಟೆ ಬೂಸ್ಟ್:

ಒಂದು ವಿಷಯ ಹೇಳಬೇಕು. ಮೊದಲು ಬರೆದಾಗ ಬಿಟ್ಟಿದ್ದೆ. ನನ್ನ ಎರಡೂವರೆ ಇಂಚಿನ ಪೈಪ್ ಹಾಕಿಸಿದ ಮೇಲೆ ಎರಡು ಸಲ ಕಳಚಿಕೊಂಡಿದೆ. ಒಮ್ಮೆ ಲೋಕಾಪುರ ದಾಟಿದ ಮೇಲೆ ಓವರ್‌ಟೇಕ್ ಮಾಡುವಾಗ ‘ಢಬ್’ ಅಂತ ಸದ್ದು, ಎಂಜಿನ್ ಸತ್ತೇ ಹೋಯಿತು. ಎದುರಿಗೆ ಲಾರಿ. ಆವತ್ತು ಹೆಂಡತಿ ಮಕ್ಕಳೂ ಕಾರಿನಲ್ಲಿದ್ದರು. ದೇವರು ದೊಡ್ಡವನು, ಆ ಲಾರಿಯವನು ಪಕ್ಕಕ್ಕೆ ತಗೊಂಡ.

ಮೇಷ್ಟ್ರ ಲೆಕ್ಕ ಓದಿದ ಮೇಲೆ ಹಳೆಯ ರಬ್ಬರ್ ಹೋಸನ್ನು ಅಟ್ಟದಿಂದ ಇಳಿಸಿ ನೋಡಿದೆ. ಕೈಯಲ್ಲಿ ಬಾಗಿಸಿದರೆ ಮಡಿಕೆಯಲ್ಲಿ ಎರಡು ಬೆರಳು ಉದ್ದದ ಬಿರುಕು ಬಾಯಿ ಬಿಡುತ್ತದೆ. ಅಂದರೆ ನನಗೆ ಸಿಕ್ಕ ಪಿಕಪ್ ದಪ್ಪ ಪೈಪಿನಿಂದ ಬಂದದ್ದಲ್ಲ, ಲೀಕ್ ನಿಂತದ್ದರಿಂದ ಬಂದದ್ದು. ಕಣ್ಣು ಮುಚ್ಚಿ ಹಾಕಿಸಿ ಅಂತ ಬರೆದಿದ್ದೆ, ಆ ಮಾತು ವಾಪಸ್ ತಗೊಳ್ಳುತ್ತೇನೆ.

ಲೇತ್ ಅಣ್ಣಾ, ನನ್ನ ಪೈಪಿನ ತುದಿ ನುಣ್ಣಗಿದೆ, ಬೀಡ್ ಇಲ್ಲ. ಈಗ ಹಾಕಿಸಬಹುದಾ?

ಉದ್ಯಮಬಾಗ ಲೇತ್:

ಹಾಕಬಹುದು ಸರ್, ಬನ್ನಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೀಡ್ ಅಂದರೆ ಪೈಪಿನ ತುದಿಯಲ್ಲಿ ಸುತ್ತ ಉಬ್ಬಿದ ಸಣ್ಣ ಬಳೆ. ಸಿಲಿಕೋನ್ ಜಾಯಿಂಟ್ ಈ ಬಳೆ ದಾಟಿ ಒಳಗೆ ಬರಬೇಕು, ಕ್ಲಾಂಪ್ ಬಳೆಯ ಹಿಂದೆ ಕೂರಬೇಕು. ಬೀಡ್ ರೋಲರ್ ಇದ್ದರೆ ಐದು ನಿಮಿಷದ ಕೆಲಸ. ಇಲ್ಲದಿದ್ದರೆ ತುದಿಯ ಸುತ್ತ ವೆಲ್ಡ್‌ನ ಒಂದು ಸುತ್ತು ಎಳೆದು ಫೈಲ್‌ನಿಂದ ನುಣುಪು ಮಾಡಿದರೂ ಆಗುತ್ತದೆ. ಹಾಗೇ ಬಿಟ್ಟರೆ ಚೂಪು ಅಂಚು ಸಿಲಿಕೋನನ್ನು ಒಳಗಿನಿಂದ ಕೊಯ್ಯುತ್ತದೆ.

ಕ್ಲಾಂಪ್ ಬಗ್ಗೆ. ನೀರಿನ ಪೈಪಿಗೆ ಹಾಕುವ ಸಾದಾ ಹೋಸ್ ಕ್ಲಿಪ್ಪಿಗೆ ಸೀಳು ಇರುತ್ತದೆ. ಬಿಗಿ ಮಾಡಿದರೆ ಮೆತ್ತಗಿನ ಸಿಲಿಕೋನ್ ಆ ಸೀಳಿನಲ್ಲಿ ಸೇವಿಗೆ ಒತ್ತಿದ ಹಾಗೆ ಹೊರಗೆ ಬಂದು ಕತ್ತರಿಸಿ ಹೋಗುತ್ತದೆ. ಸೀಳಿಲ್ಲದ ಪಟ್ಟಿಯನ್ನು ಬೋಲ್ಟಿನಿಂದ ಬಿಗಿಯುವ ಟಿ-ಬೋಲ್ಟ್ ಕ್ಲಾಂಪ್ ಹಾಕಿ. ಸ್ಪ್ರಿಂಗ್ ಇರುವ ಟಿ-ಬೋಲ್ಟ್ ಸಿಕ್ಕರೆ ಇನ್ನೂ ಒಳ್ಳೆಯದು. ಪೈಪ್ ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುತ್ತದೆ, ಸ್ಪ್ರಿಂಗ್ ಅದನ್ನು ಹಿಡಿದುಕೊಂಡೇ ಇರುತ್ತದೆ. ಹಾಕುವ ಮುಂಚೆ ಪೈಪ್, ಜಾಯಿಂಟ್ ಎರಡನ್ನೂ ಬ್ರೇಕ್ ಕ್ಲೀನರ್‌ನಿಂದ ಒರೆಸಿ ಒಣಗಿಸಿ. ಸಲೀಸಾಗಿ ಏರಲಿ ಅಂತ ಆಯಿಲ್, ಗ್ರೀಸ್ ಹಚ್ಚುವವರಿದ್ದಾರೆ. ಅದೇ ಜಾರಿಕೆ ಆಮೇಲೆ ಕಳಚುವುದಕ್ಕೂ ದಾರಿ.

ಗೋಕಾಕ ಡೀಸೆಲ್:

ಸಿಲಿಕೋನ್ ಬಗ್ಗೆ ಒಂದು ಅನುಭವ. ನನ್ನದು 1.3 ಡೀಸೆಲ್, 2,40,000 ಓಡಿದೆ. ಟರ್ಬೊ ಕಡೆಯ ಬಿಸಿ ಹೋಸ್ ತೆಗೆದು ಮೂರು ಪದರದ ಅಗ್ಗದ ಸಿಲಿಕೋನ್ ಹಾಕಿದ್ದೆ. ಎಂಟು ತಿಂಗಳಿಗೆ ಬೆಲ್ಲದಚ್ಚಿನ ಹಾಗೆ ಮೆತ್ತಗಾಯಿತು. ಬ್ರೀದರ್‌ನಿಂದ ಬರುವ ಆಯಿಲ್ ಆವಿ ಒಳಗಿನಿಂದ ಅದನ್ನು ನೆನೆಸುತ್ತದೆ. ಸಾದಾ ಸಿಲಿಕೋನ್ ಬಿಸಿ ತಡೆಯುತ್ತದೆ, ಆಯಿಲ್ ತಡೆಯುವುದಿಲ್ಲ. ಟರ್ಬೊ ಕಡೆಗೆ ಒಳಪದರ ಫ್ಲೋರೋಸಿಲಿಕೋನ್ (ಆಯಿಲ್ ತಡೆಯುವ ಬಗೆಯ ಸಿಲಿಕೋನ್) ಇರುವುದೇ ಬೇಕು. ಇಂಟರ್‌ಕೂಲರಿನಿಂದ ಎಂಜಿನ್ ಕಡೆಗೆ ನಾಲ್ಕು ಪದರದ ಸಾದಾ ಸಿಲಿಕೋನ್ ನಡೆಯುತ್ತದೆ, ಆದರೆ ಪೈಪ್ ಒಳಗೆ ಆಯಿಲ್ ಜಾಸ್ತಿ ಇದ್ದರೆ ಮೊದಲು ಬ್ರೀದರ್ ನೋಡಿಸಿ.

ಡೀಸೆಲ್‌ನವರಿಗೆ ಲೀಕ್ ಗುರುತು ಸುಲಭ. ಏರಿನಲ್ಲಿ ಕಪ್ಪು ಹೊಗೆ, ಜಾಯಿಂಟ್ ಸುತ್ತ ಆಯಿಲ್ ಮೆತ್ತಿದ ಕಪ್ಪು ಧೂಳು.

ಹಿಂಡಲಗಾ ಹುಡುಗ:

ಪರೀಕ್ಷೆ ಆಯಿತು! ಪಕ್ಕದ ಪಂಕ್ಚರ್ ಅಂಗಡಿಯ ಕಾಕಾ ಕಂಪ್ರೆಸರ್ ಕೊಟ್ಟು ತಾವೂ ಬಂದು ನಿಂತರು. 5 ಪಿಎಸ್ಐಗೆ ಏನೂ ಇಲ್ಲ. 9ಕ್ಕೆ ‘ಸುಸ್’ ಶುರುವಾಯಿತು. ನಾನು ಜಾಯಿಂಟ್‌ಗಳಿಗೇ ಸೋಪಿನ ನೀರು ಹಾಕುತ್ತಿದ್ದೆ. ಕಾಕಾ ಕೆಳಗೆ ಮಲಗಿ, ತಮ್ಮಾ, ಇಲ್ಲಿ ನೋಡು ಎಂದರು. ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್, ಫ್ಯಾನಿನ ಚೌಕಟ್ಟಿನ ಮೂಲೆಗೆ ತಾಗಿ ತಾಗಿ ಸವೆದಿದೆ. ಮೇಲಿನಿಂದ ಕಾಣುವುದೇ ಇಲ್ಲ. ಬೆರಳಿನಿಂದ ಒತ್ತಿದರೆ ಒಳಗಿನ ದಾರದ ಬಟ್ಟೆ ಕಾಣುತ್ತದೆ, ಅದರ ನಡುವಿನಿಂದ ಬಿಳಿ ನೊರೆ ಗುಳ್ಳೆ ಗುಳ್ಳೆಯಾಗಿ ಬರುತ್ತಿತ್ತು. ಥ್ರಾಟಲ್ ಕಡೆಯ ಹೋಸ್ ಗಟ್ಟಿಯಾಗಿದೆ, ಲೀಕ್ ಇಲ್ಲ.

ಎಂಜಿನ್ ಮೌಂಟಿಂಗ್ (ಎಂಜಿನ್ ಹೊತ್ತಿರುವ ರಬ್ಬರ್) ಕೂತು ಹೋಗಿದ್ದರಿಂದ ಎಂಜಿನ್ ಜಾಸ್ತಿ ಅಲುಗಾಡಿ ಹೋಸ್ ತಾಗುತ್ತಿತ್ತು ಅನಿಸುತ್ತದೆ. ಕಂಪನಿ ಹೋಸಿಗೆ ಕೇಳಿದೆ, ಸದ್ಯಕ್ಕೆ ಬರುವುದಿಲ್ಲ ಎಂದರು. ಲೇತ್ ಅಣ್ಣಾ, ಬಿಸಿ ಕಡೆಯದೊಂದೇ 2 ಇಂಚಿನಲ್ಲಿ ಮಾಡಿ ಕೊಡುತ್ತೀರಾ? ನಮ್ಮ ಊರಿನಲ್ಲೇ ಅಲ್ಯೂಮಿನಿಯಂ ಫ್ಯಾಕ್ಟರಿ ಇದೆಯಲ್ಲ, ಪೈಪ್ ಇಲ್ಲೇ ಸಿಗಬೇಕು ಅಲ್ವಾ?

ಉದ್ಯಮಬಾಗ ಲೇತ್:

ಆ ಫ್ಯಾಕ್ಟರಿಯಲ್ಲಿ ಆಗುವುದು ಅಲ್ಯೂಮಿನಾ, ಬಿಳಿ ಪುಡಿ. ಪೈಪ್ ಹೊರಗಿನಿಂದಲೇ ಬರಬೇಕು. ನನ್ನ ಹತ್ತಿರ 6063 ದರ್ಜೆಯ ಅಲ್ಯೂಮಿನಿಯಂ ಪೈಪ್ ಇದೆ, ಗೋಡೆ 2 ಎಂಎಂ.

ಸ್ಟೇನ್‌ಲೆಸ್ ಕೇಳಿದ್ದಿರಿ. 304 ಸ್ಟೇನ್‌ಲೆಸ್ ಅಲ್ಯೂಮಿನಿಯಂಗಿಂತ ಮೂರು ಪಟ್ಟು ತೂಕ, ಆದರೆ ಶಾಖ ದಾಟಿಸುವುದು ಬಹಳ ಕಡಿಮೆ. ಅಲ್ಯೂಮಿನಿಯಂ ಶಾಖ ಬೇಗ ಬಿಡುತ್ತದೆ ಅನ್ನುವುದು ನಿಜ, ಬೇಗ ಹೀರುತ್ತದೆ ಅನ್ನುವುದೂ ಅಷ್ಟೇ ನಿಜ. ಪೈಪಿನಲ್ಲಿ ಗಾಳಿ ಇರುವುದೇ ಕ್ಷಣ ಮಾತ್ರ, ತಂಪು ಮಾಡುವುದು ಇಂಟರ್‌ಕೂಲರಿನ ಕೆಲಸ. ಹಾಗಾಗಿ ನಾನು ಲೋಹ ಆರಿಸುವುದು ಜಾಗ ನೋಡಿ. ನಿಮ್ಮ ಬಿಸಿ ಪೈಪ್ ಸೈಲೆನ್ಸರ್ ಕಡೆ ಹೋಗುವುದಿಲ್ಲ. ಅಲ್ಯೂಮಿನಿಯಂ ಸಾಕು.

ಬಾಗು ಹೇಗೆ ಬಗ್ಗಿಸಿದ್ದಾರೆ ಅನ್ನುವುದು ಇದಕ್ಕಿಂತ ಮುಖ್ಯ. ಸಾದಾ ಬೆಂಡಿಂಗ್ ಮಷೀನಿನಲ್ಲಿ ಬಗ್ಗಿಸಿದರೆ ಒಳಮೈ ಸುಕ್ಕಾಗಿ ಬಾಯಿ ಚಪ್ಪಟೆ ಆಗುತ್ತದೆ. ಮ್ಯಾಂಡ್ರೆಲ್ ಬೆಂಡ್ (ಒಳಗೆ ಆಧಾರದ ಕೋಲು ಇಟ್ಟು ಬಗ್ಗಿಸಿದ) ತುಂಡು ತಂದು ಜೋಡಿಸಬೇಕು. ಆಗ ಬಾಗಿನಲ್ಲೂ ಅಳತೆ ಅದೇ ಇರುತ್ತದೆ. ದಪ್ಪ ಜಿಐ ತಂತಿ ತೆಗೆದುಕೊಂಡು, ಹಳೆಯ ಹೋಸ್ ಹೋದ ದಾರಿಯಲ್ಲೇ ಬಗ್ಗಿಸಿ ತನ್ನಿ. ಫ್ಯಾನಿನ ಚೌಕಟ್ಟಿನಿಂದ ಒಂದು ಹೆಬ್ಬೆರಳು ದೂರ ಇರಲಿ. ಎರಡೂ ತುದಿಯಲ್ಲಿ ನಡುವೆ ಉಬ್ಬು ಇರುವ ಹಂಪ್ ಜಾಯಿಂಟ್ ಹಾಕೋಣ. ಎಂಜಿನ್ ಅಲ್ಲಾಡುತ್ತದೆ, ಇಂಟರ್‌ಕೂಲರ್ ಕಾರಿನ ಬಾಡಿಗೆ ಕೂತಿರುತ್ತದೆ. ನಡುವಿನ ಪೈಪ್ ಲೋಹದ್ದಾದರೆ ಆ ಅಲ್ಲಾಟವನ್ನು ನುಂಗುವವರು ಜಾಯಿಂಟ್‌ಗಳೇ. ಮೌಂಟಿಂಗ್ ಬದಲಿಸಿಯೇ ಬನ್ನಿ, ಇಲ್ಲದಿದ್ದರೆ ಹೊಸ ಪೈಪೂ ಅಲ್ಲೇ ತಾಗುತ್ತದೆ.

ಜೋಳದ ನಾಡು, ವಿಜಯಪುರ:

ವೆಲ್ಡ್ ಆದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸಿ, ನೀರಿನಿಂದ ತೊಳೆದು, ಬಿಸಿಲಿಗೆ ಹಿಡಿದು ಕಣ್ಣಿಟ್ಟು ನೋಡಿ. ಅಲ್ಯೂಮಿನಿಯಂನ ಒಂದು ಚೂರು ಉಳಿದರೂ ಎಂಜಿನ್ ಒಳಗೆ ಹೋಗುವ ಭಯ ಇದೆ.

ಕಾಗದ ಪತ್ರ, ಬೆಳಗಾವಿ:

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ನ್ನು ಮರೆಯಬೇಡಿ. ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಹಳೆಯ ಹೋಸಿನ ಅಳತೆಯಲ್ಲೇ, ಅದೇ ಜಾಗದಲ್ಲಿ ರಿಪೇರಿಗೆ ಪೈಪ್ ಹಾಕುವುದು ಒಂದು ಮಾತು. ಬಂಪರ್ ಕೊರೆದು ದೊಡ್ಡ ಇಂಟರ್‌ಕೂಲರ್ ಕೂರಿಸಿ ಬೂಸ್ಟ್ ಏರಿಸುವುದು ಬೇರೆ ಮಾತು. ಏನೇ ಮಾಡಿಸಿದರೂ ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ, ಬಿಲ್ ಇಟ್ಟುಕೊಳ್ಳಿ.

ಹಿಂಡಲಗಾ ಹುಡುಗ:

ಮೂರು ವಾರ ಆಯಿತು, ವರದಿ ಕೊಡುತ್ತಿದ್ದೇನೆ.

ಮೌಂಟಿಂಗ್ ಬದಲಾಯಿತು. ತಂತಿ ಬಗ್ಗಿಸಲು ನನಗೆ ಎರಡು ಸಂಜೆ ಹಿಡಿಯಿತು. ಮೊದಲನೆಯದು ಬಾಡಿಗೆ ತಾಗುತ್ತಿತ್ತು, ಎರಡನೆಯದು ಸರಿಯಾಯಿತು. ಲೇತ್ ಅಣ್ಣ ಮೂರು ತುಂಡು ಸೇರಿಸಿ ಪೈಪ್ ಮಾಡಿದರು. ಎರಡು ತುದಿಗೂ ಬೀಡ್, ಫ್ಲೋರೋಸಿಲಿಕೋನ್ ಒಳಪದರದ ಹಂಪ್ ಜಾಯಿಂಟ್ ಎರಡು, ಟಿ-ಬೋಲ್ಟ್ ನಾಲ್ಕು. ಮೌಂಟಿಂಗ್ ಬಿಟ್ಟು 6,800 ರೂಪಾಯಿ ಆಯಿತು. ಬೆಸುಗೆ ಇರುವ ಜಾಗದಲ್ಲಿ ಒಳಗೆ ಬೆರಳು ಹಾಕಿದರೆ ನುಣ್ಣಗಿದೆ, ಗೀರು ಕೂಡ ಸಿಗುವುದಿಲ್ಲ. ಬಂಪರ್ ಬಿಚ್ಚಿದಾಗ ಇಂಟರ್‌ಕೂಲರ್ ಕೂಡ ತೊಳೆದೆವು. ಬಕೆಟ್ ನೀರು ಕೆಂಪಗೆ ಇಳಿಯಿತು.

ಮತ್ತೆ 12 ಪಿಎಸ್ಐ ಬಿಟ್ಟು ನೋಡಿದೆವು, ಒಂದು ಗುಳ್ಳೆಯೂ ಇಲ್ಲ. ಆ ದಿನವೇ ಸಂಕೇಶ್ವರದ ತನಕ ಹೋಗಿ ಬಂದೆ. ವಂಟಮೂರಿ ಘಾಟ್‌ನಲ್ಲಿ ನಾಲ್ಕನೇ ಗೇರಿನಲ್ಲೇ ಎಳೆಯಿತು. ಅಮ್ಮ ಪಕ್ಕದಲ್ಲಿದ್ದರು. ನಿಮ್ಮ ಅಪ್ಪ ಓಡಿಸುವಾಗ ಹೀಗೇ ಇತ್ತು ಎಂದರು. ಕೋಡ್ ವಾಪಸ್ ಬಂದಿಲ್ಲ. 400 ಕಿ.ಮೀ. ಆದ ಮೇಲೆ ಕ್ಲಾಂಪ್ ನೋಡಿದೆ. ಟರ್ಬೊ ಕಡೆಯ ಒಂದು ಕ್ಲಾಂಪ್ ಕಾಲು ಸುತ್ತು ಹಿಡಿಯಿತು, ಉಳಿದವು ಹಾಗೇ ಇವೆ.

ಬಾಗಲಕೋಟೆ ಬೂಸ್ಟ್:

ಓದಿ ಖುಷಿಯಾಯಿತು. ನಾನು ಬರುವ ಭಾನುವಾರ ಬೆಳಗಾವಿಗೆ ಬರುತ್ತಿದ್ದೇನೆ, ಎರಡೂವರೆ ಇಂಚಿನದನ್ನು ತೆಗೆದು 2 ಇಂಚಿಗೆ ವಾಪಸ್ ಹೋಗುತ್ತೇನೆ. ನಿಮ್ಮ ಆ ಪಿವಿಸಿ ಕ್ಯಾಪ್ ಒಂದು ದಿನಕ್ಕೆ ಸಿಗುತ್ತದೆಯೇ?

ಹಿಂಡಲಗಾ ಹುಡುಗ:

ಡಿಕ್ಕಿಯಲ್ಲೇ ಇದೆ ಸರ್, ತರುತ್ತೇನೆ. ನಿಮ್ಮ ಟರ್ಬೊ ಬಾಯಿಯ ಹೊರ ಅಳತೆ ಒಮ್ಮೆ ನೋಡಿ ಹೇಳಿ. ಬೇರೆ ಇದ್ದರೆ ಶನಿವಾರವೇ ಇನ್ನೊಂದು ಕ್ಯಾಪ್ ತಂದು ವಾಲ್ವ್ ಕೂರಿಸಿ ಇಡುತ್ತೇನೆ.